ಅಮ್ಮ ತಟ್ಟಿದ ಕೈ

ನಮ್ಮ ಬೀದಿಯವರಿಗೆಲ್ಲ ನನ್ನ ಅಬ್ಬ ‘ಗಾಳಿ ಮಾಮ’. ಫ್ಯಾನು ರಿಪೇರಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಅಡ್ಡಹೆಸರು ಸಿಗಲಿಕ್ಕಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ರೆಕ್ಕೆಗಳು, ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತ ಮೋಟರುಗಳು, ಮೂಲೆಯಲ್ಲಿ ಸುಟ್ಟ ತಾಮ್ರದ ತಂತಿಯ ಸಿಂಬೆಗಳು, ಎಲ್ಲದರ ಮೇಲೂ ವಾರ್ನಿಷಿನ ವಾಸನೆ. ಯಾರಾದರೂ ಫ್ಯಾನು ತಂದಿಟ್ಟು “ಏನಾಗಿದೆಯೋ ನೋಡಿ” ಎಂದರೆ ಅಬ್ಬ ನೋಡುತ್ತಿರಲಿಲ್ಲ. “ಮೊದ್ಲು ಓಡ್ಸೋಣ, ಕೇಳೋಣ” ಎನ್ನುತ್ತಿದ್ದರು. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡು, ಆಮೇಲೆ ಸ್ಕ್ರೂಡ್ರೈವರಿಗೆ ಕೈ ಹಾಕುತ್ತಿದ್ದರು. ನಮ್ಮ ಮನೆಯ ಅನ್ನ ಹುಟ್ಟಿದ್ದು ಆ ಕಿವಿಯಿಂದ.

ನಮಾಜಿಗೆ ನಿಂತಾಗ ಅದೇ ಕಿವಿ ಅಬ್ಬನ ವೈರಿ. ಮಸೀದಿಯಲ್ಲಿ ತಲೆಯ ಮೇಲೆ ಸಾಲಾಗಿ ಫ್ಯಾನುಗಳು ತಿರುಗುತ್ತವೆ. ಬೇರೆಯವರಿಗೆ ಅದು ಗಾಳಿ, ಅಬ್ಬನಿಗೆ ಅದು ರೋಗಿಗಳ ವಾರ್ಡು. ಒಂದು ನರಳುತ್ತದೆ, ಒಂದು ಹಲ್ಲು ಕಡಿಯುತ್ತದೆ, ಒಂದಕ್ಕೆ ಎಣ್ಣೆ ಬೇಕು. ಎಲ್ಲರೂ ಪುಣ್ಯ ಹೊತ್ತು ಹೊರಗೆ ಬಂದರೆ ಅಬ್ಬ ಬಾಗಿಲಲ್ಲೇ ನಿಂತು, “ಎಡಗಡೆ ಕೊನೇ ಫ್ಯಾನಿದೆಯಲ್ಲ, ಅದು ಹೆಚ್ಚು ದಿನ ಬಾಳಲ್ಲ” ಎನ್ನುತ್ತಿದ್ದರು. ಬಾಂಗು ಕೊಡುವ ಮುದುಕರು ನಗುತ್ತಿದ್ದರು. “ನೀವು ಅಲ್ಲಾಹನ ಮುಂದೆ ನಿಂತಿದ್ರೋ, ಫ್ಯಾನಿನ ಕೆಳಗೆ ನಿಂತಿದ್ರೋ?”

ಅಬ್ಬನೂ ನಗುತ್ತಿದ್ದರು, ಆದರೆ ಮನೆಗೆ ಬಂದ ಮೇಲೆ ಮುಖ ಸಣ್ಣದಾಗುತ್ತಿತ್ತು. “ಸಾಯೋದ್ರೊಳಗೆ ಒಂದೇ ಒಂದು ನಮಾಜು ಮನಸ್ಸಿಟ್ಟು ಓದ್ಬೇಕು” ಎಂದು ಅಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರಿಗೆ ಬೇರೆ ಆಸೆಗಳಿದ್ದಂತೆ ನನಗೆ ನೆನಪಿಲ್ಲ.

ಇಳಿಹೊತ್ತಿನ ಅಸರ್ ನಮಾಜು ಮಾತ್ರ ಮನೆಯಲ್ಲೇ. ಅಂಗಡಿಯ ಷಟರನ್ನು ಅರ್ಧ ಇಳಿಸಿ, ನಡುಕೋಣೆಯಲ್ಲಿ ಅಬ್ಬ ಮುಂದೆ, ಒಂದು ಹೆಜ್ಜೆ ಹಿಂದೆ ಅಮ್ಮ. ಅಸರ್ ಎಂದರೆ ನಾಲ್ಕು ರಕಅತ್. ನಿಂತು, ಬಾಗಿ, ಹಣೆಯನ್ನು ಎರಡು ಸಲ ನೆಲಕ್ಕಿಟ್ಟು ಏಳುವ ಒಂದು ಸುತ್ತಿಗೆ ಒಂದು ರಕಅತ್ ಎನ್ನುತ್ತಾರೆ. ಇದನ್ನು ಗಟ್ಟಿಯಾಗಿ ಓದುವುದಿಲ್ಲ, ತುಟಿಯಲ್ಲೇ ಓದುವುದು. ಹಾಗಾಗಿ ಕೋಣೆ ನಿಶ್ಶಬ್ದ. ಮುಂದೆ ನಿಂತವರು ಲೆಕ್ಕ ತಪ್ಪಿದರೆ ಹಿಂದಿನವರು ಎಚ್ಚರಿಸಬೇಕು. ಗಂಡಸಾದರೆ ಅಲ್ಲಾಹನ ಹೆಸರು ಹೇಳಿ ಎಚ್ಚರಿಸುತ್ತಾನೆ. ಹೆಂಗಸು ಬಾಯಿ ಬಿಡುವುದಿಲ್ಲ, ಬಲಗೈ ಬೆರಳುಗಳಿಂದ ಎಡಗೈ ಬೆನ್ನಿಗೆ ತಟ್ಟುತ್ತಾಳೆ.

ನಾನು ಆ ತಟ್ಟುವ ಸದ್ದು ಕೇಳುತ್ತಲೇ ಬೆಳೆದವಳು. ಮೂರಕ್ಕೇ ಕೂತರೆ ‘ತಟ್’. ಐದಕ್ಕೆ ಏಳಲು ಹೊರಟರೆ ‘ತಟ್’. ಅಬ್ಬ ತಟ್ಟನೆ ಸರಿಪಡಿಸಿಕೊಂಡು, ಕೊನೆಯಲ್ಲಿ ಮರೆವಿಗೆಂದು ಮಾಡುವ ಎರಡು ಹೆಚ್ಚಿನ ಸಜ್ದಾ ಮಾಡುತ್ತಿದ್ದರು. ಹಣೆ ನೆಲಕ್ಕಿಟ್ಟಿದ್ದನ್ನು ಮೇಲೆ ತೂಕಕ್ಕೆ ಹಾಕುವುದಾದರೆ ಇಡೀ ಬೀದಿಯಲ್ಲಿ ಅಬ್ಬನದೇ ಹೆಚ್ಚು ತೂಗುತ್ತದೆ ಎಂದು ಅಮ್ಮ ಹಂಗಿಸುತ್ತಿದ್ದಳು.

“ಪೊಲೀಸಿನವರ ಹಾಗೆ ಬೆನ್ನಿಗೇ ಬಿದ್ದಿದ್ದೀಯಲ್ಲೇ” ಎಂದು ಅಬ್ಬ ಒಮ್ಮೆ ರೇಗಿದರು.

“ಕಳ್ಳನ ಹಿಂದೆ ಪೊಲೀಸು ಇರ್ಲೇಬೇಕಲ್ಲ” ಎಂದಳು ಅಮ್ಮ. “ನಾಲ್ಕರಲ್ಲಿ ಒಂದು ಕದಿಯೋರು ನೀವು. ನಾನಿಲ್ದೆ ಇದ್ರೆ ಅದನ್ನೂ ಜೇಬಿಗೆ ಹಾಕ್ಕೊಂಡು ಹೋಗ್ತಿದ್ರಿ.”

ಅಮ್ಮನ ಸ್ವಭಾವವೇ ಅದು. ತಪ್ಪು ಎಂದರೆ ತಪ್ಪು, ಅದು ಗಂಡನದಾಗಲಿ, ತಕ್ಕಡಿಯದಾಗಲಿ, ನನ್ನ ಹೊಲಿಗೆಯದಾಗಲಿ. ಆ ಗುಣ ನನಗೂ ಬಂದಿದೆ ಎನ್ನುತ್ತಾರೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತೇನೆ. ಅಲ್ಲಿ ಒಂದು ಕೂದಲೆಳೆ ತಪ್ಪಿದರೂ ಗಾಜು ಬುಟ್ಟಿಗೆ.

ನನ್ನ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ ಮೇಲೆ, ಮಸೀದಿಗೆ ಹೊರಗಿನಿಂದ ಪ್ರವಚನಕ್ಕೆ ಒಬ್ಬರು ಬಂದರು. ನಮಾಜಿನಲ್ಲಿ ಮನಸ್ಸು ನಿಲ್ಲಿಸುವುದು ಹೇಗೆ ಎಂಬುದೇ ಅವರ ಮಾತು. ಕಣ್ಣು ಹಣೆಯಿಡುವ ಜಾಗದಲ್ಲಿರಲಿ, ಒಂದೊಂದು ಮಾತನ್ನೂ ಅರ್ಥ ಹಿಡಿದು ನಿಧಾನ ಓದಿ, ಇದೇ ಕೊನೆಯ ನಮಾಜು ಎಂದುಕೊಂಡು ನಿಲ್ಲಿ ಎಂದರಂತೆ. ಜೊತೆಗೆ ಹಿಂದಿನ ಕಾಲದ ಭಕ್ತರೊಬ್ಬರ ಕಥೆ ಬೇರೆ. ಅವರು ನಮಾಜಿನಲ್ಲಿದ್ದಾಗ ಪಕ್ಕದ ಗೋಡೆ ಕುಸಿದು ಬಿದ್ದರೂ ಅವರಿಗೆ ಗೊತ್ತಾಗಲೇ ಇಲ್ಲವಂತೆ.

ಅಬ್ಬ ಅದನ್ನು ಊಟದ ಹೊತ್ತಿಗೆ ಕಣ್ಣರಳಿಸಿಕೊಂಡು ಹೇಳಿದರು. ಅಂದು ನಾನೂ ಇದ್ದೆ. ಅಮ್ಮ ತಟ್ಟೆಗೆ ಬಡಿಸುತ್ತಾ ಕೇಳಿದಳು:

“ಆ ಗೋಡೆ ಬಿದ್ದಾಗ ಅವರ ಹೆಂಡ್ತಿ ಎಲ್ಲಿದ್ಲಂತೆ?”

“ಅದನ್ನ ಹೇಳ್ಲಿಲ್ಲ.”

“ಹೇಳಲ್ಲ ಬಿಡಿ. ಗೋಡೆ ಬಿದ್ರೆ ಕೇಳಿಸ್ಬಾರ್ದು, ನಿಜ. ಗೋಡೆ ಕೆಳಗೆ ಯಾರಿದ್ದಾರೆ ಅಂತಾದ್ರೂ ಒಂದ್ಸಲ ನೋಡ್ಬೇಕು.”

ಅಬ್ಬ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರವಚನದ ಮಾತು ಅವರಿಗೆ ನಾಟಿಬಿಟ್ಟಿತ್ತು. ಮೋಟರಿಗೆ ತಂತಿ ಸುತ್ತುವವರ ತಾಳ್ಮೆ ಅವರದು, ಒಂದು ಸುತ್ತು ತಪ್ಪಿದರೆ ಇಡೀ ಸುರುಳಿ ಬಿಚ್ಚಿ ಮತ್ತೆ ಸುತ್ತುವವರು. ಅದೇ ತಾಳ್ಮೆಯಿಂದ ಕಿವಿಯನ್ನು ಪಳಗಿಸತೊಡಗಿದರು. ಸದ್ದು ಬಂದರೆ ಬರಲಿ, ಅದರ ಹಿಂದೆ ಹೋಗಬಾರದು. ಮೊದಮೊದಲು ಆಗಲಿಲ್ಲ, ಬರಬರುತ್ತಾ ಆಯಿತು. ನಡುಕೋಣೆಯಲ್ಲಿ ‘ತಟ್’ ಕಡಿಮೆಯಾಯಿತು. ಒಂದು ದಿನ ಮಸೀದಿಯಲ್ಲಿ ಅವರ ತಲೆಯ ಮೇಲಿನ ಫ್ಯಾನೇ ಕಿರುಗುಟ್ಟಿ, ಹೊಗೆಯಾಡಿ ನಿಂತುಹೋಯಿತಂತೆ. ಇಡೀ ಸಾಲು ತಲೆ ಎತ್ತಿತು, ಗಾಳಿ ಮಾಮನೊಬ್ಬರು ಎತ್ತಲಿಲ್ಲ. ಬಾಂಗಿನ ಮುದುಕರು ಅವರನ್ನು ತಬ್ಬಿಕೊಂಡರು. ಆ ಸಂಜೆ ಅಬ್ಬ ಇದನ್ನು ಹೇಳಲೆಂದೇ ನಮ್ಮ ಮನೆಯವರೆಗೆ ನಡೆದು ಬಂದಿದ್ದರು. ಪರೀಕ್ಷೆಯಲ್ಲಿ ಪಾಸಾದ ಮಗುವಿನ ಮುಖ.

“ನನ್ನ ಕೆಲಸ ಹೋಯ್ತು ಕಣೇ” ಎಂದಳು ಅಮ್ಮ ನನಗೆ. “ಸುಮ್ನೆ ಹಿಂದೆ ನಿಂತಿರ್ತೀನಿ. ನಿಮ್ಮಪ್ಪ ಈಗ ನನಗೂ ಸಿಗಲ್ಲ, ಅಷ್ಟು ಒಳಗೆ ಹೋಗ್ಬಿಡ್ತಾರೆ.”

ಅದಾಗಿ ಸ್ವಲ್ಪ ದಿನಕ್ಕೆ ಅಮ್ಮನಿಗೆ ಎಡ ಭುಜ ನೋಯತೊಡಗಿತು. ಕಂಬಳಿಗಳನ್ನು ಒಗೆದಿದ್ದಳು, ಅದಕ್ಕೇ ಇರಬೇಕು ಎಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ.

ಒಂದು ಇಳಿಹೊತ್ತು ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಾಗ ಅಬ್ಬನ ಪಕ್ಕದ ಮನೆಯ ಇಸ್ತ್ರಿ ಅಕ್ಕನ ಫೋನು ಬಂತು. “ಬೇಗ ಬಾ” ಎಂದಷ್ಟೇ ಹೇಳಿದರು. ಓಡಿ ಬಂದರೆ ಅಬ್ಬನ ಅಂಗಡಿಯ ಷಟರು ಅರ್ಧ ಇಳಿದೇ ಇತ್ತು, ಬಗ್ಗಿ ಒಳಗೆ ಹೋದೆ. ನಡುಕೋಣೆಯಲ್ಲಿ ಅಮ್ಮ ಮುಸಲ್ಲಾದ ಮೇಲೆ, ಆ ಪುಟ್ಟ ಜಮಖಾನೆಯ ಮೇಲೆ, ಒಂದು ಮಗ್ಗುಲಾಗಿ ಮಲಗಿದ್ದಳು. ಅಬ್ಬ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯನ್ನು ತಿಕ್ಕುತ್ತಿದ್ದರು. ಡಾಕ್ಟರು ಆಗಲೇ ಬಂದು ನೋಡಿ ಹೋಗಿದ್ದರು. ಹೃದಯ ನಿಂತಿದೆ ಎಂದು ಹೇಳಿದ್ದರು. ಅಬ್ಬ ಆದರೂ ತಿಕ್ಕುತ್ತಲೇ ಇದ್ದರು.

ಮಣ್ಣು ಮಾಡಿ ಬಂದಾಯಿತು. ಬಂದವರೆಲ್ಲ, “ನಮಾಜಿನಲ್ಲೇ ಹೋದ್ಲು, ಎಂಥ ಭಾಗ್ಯ, ಎಲ್ರಿಗೂ ಸಿಗೋ ಸಾವಲ್ಲ” ಎಂದು ಸಮಾಧಾನ ಹೇಳಿದರು. ನನಗೂ ಅದು ಸ್ವಲ್ಪ ಹಿತವೆನಿಸಿತ್ತು, ಸುಳ್ಳೇಕೆ ಹೇಳಲಿ. ಜನ ಕರಗಿದ ಮೇಲೆ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಬ್ಬ ಬಂದು ಬಾಗಿಲಿಗೆ ಒರಗಿ ನಿಂತರು. ಮಾತಿಗೆಂದು ಕೇಳಿದೆ.

“ಕೊನೇಲಿ ಏನಾದ್ರೂ ಹೇಳಿದ್ಲಾ ಅಬ್ಬಾ?”

“ಹೇಳ್ಲಿಲ್ಲ. ತಟ್ಟಿದ್ಲು.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. ಮುಖ ನೋಡದೆ, ನೆಲಕ್ಕೆ ಹೇಳುವವರ ಹಾಗೆ ಹೇಳಿದರು.

“ಮೂರನೇ ರಕಅತ್‌ಗೆ ಎದ್ದು ನಿಂತಿದ್ದೆ. ಹಿಂದೆ ತಟ್ಟಿದ ಸದ್ದು ಬಂತು. ನನಗೆ ಗ್ಯಾರಂಟಿ ಗೊತ್ತಿತ್ತು ಮಗಳೇ, ಮೂರೇ ಅದು. ಜೀವಮಾನದಲ್ಲಿ ಮೊದಲ್ನೇ ಸಲ ನನ್ನ ಲೆಕ್ಕ ಸರಿ ಇತ್ತು. ಇವತ್ತು ತಪ್ಪಿದ್ದು ಅವಳು ಅಂದ್ಕೊಂಡೆ. ಇನ್ನೊಂದ್ಸಲ ತಟ್ಟಿದ್ಲು. ನನಗೆ ಒಳಗೊಳಗೇ ನಗು ಬಂತು. ಮುಗೀಲಿ, ಇವತ್ತು ಸರಿಯಾಗಿ ಹಂಗಿಸ್ತೀನಿ ಅಂದ್ಕೊಂಡು ಮನಸ್ಸು ಗಟ್ಟಿ ಮಾಡ್ದೆ.”

“ಆಮೇಲೆ?”

“ಆಮೇಲೆ ಸಜ್ದಾಕ್ಕೆ ಹೋದಾಗ ಒಂದು ಸಣ್ಣ ಸದ್ದು. ತಟ್ಟಿದ್ದೋ, ಕೈ ನೆಲಕ್ಕೆ ಬಿದ್ದಿದ್ದೋ ಗೊತ್ತಿಲ್ಲ. ಅದನ್ನ ಕೇಳ್ಲೇಬಾರ್ದು ಅಂತ ಹಣೆ ನೆಲಕ್ಕೆ ಇನ್ನೂ ಒತ್ತಿದೆ. ಅಂಥ ನಮಾಜು ನಾನು ಯಾವತ್ತೂ ಓದಿರ್ಲಿಲ್ಲ. ನಾಲ್ಕನ್ನೂ ಮುಗಿಸಿ, ಬಲಕ್ಕೆ ಸಲಾಮ್ ಹೇಳಿ, ಎಡಕ್ಕೆ ಸಲಾಮ್ ಹೇಳಿ, ನಗ್ತಾ ತಿರುಗಿದೆ.”

ಅಮ್ಮ ಬಾಯಿ ಬಿಟ್ಟು ಕೂಗಬಹುದಿತ್ತು. ಕೂಗಲಿಲ್ಲ. ನಮಾಜಿನಲ್ಲಿರುವ ಹೆಂಗಸು ಬಾಯಿ ಬಿಡಬಾರದೆಂದು ಸಾಯುವಾಗಲೂ ನಿಯಮ ಹಿಡಿದು ಕೈ ತಟ್ಟಿದಳು. ಇವರು ನಿಯಮ ಹಿಡಿದು ತಿರುಗಲಿಲ್ಲ. ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆದರೆ ಅಮ್ಮ ಬೈಸಿಕೊಳ್ಳಲು ಇರಲಿಲ್ಲ.

“ಊರವರ ಫ್ಯಾನಿನ ಬೇರಿಂಗು ಕೇಳಿಸತ್ತೆ, ಕಟ್ಕೊಂಡ ಹೆಂಡ್ತಿ ಕರೆದಿದ್ದು ಕೇಳಿಸಲ್ವಾ ನಿಮಗೆ?”

“ಕೇಳಿಸ್ತು” ಎಂದರು ಅಬ್ಬ. “ಕೇಳಿಸ್ಲಿಲ್ಲ ಅಂದಿದ್ರೆ ಇವತ್ತು ನೆಮ್ಮದಿಯಾಗಿ ಇರ್ತಿದ್ದೆ.”

ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ನಮ್ಮ ಮನೆಗೆ ಹೊರಟುಹೋದೆ. ಆಡಿದ ಮಾತನ್ನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ. ನ್ಯಾಯವಾದ ಮಾತನ್ನು ಯಾಕೆ ತೆಗೆದುಕೊಳ್ಳಲಿ?

ಆಮೇಲೆ ಬೆಳಿಗ್ಗೆ ಸಂಜೆ ಊಟದ ಡಬ್ಬಿ ತಂದಿಡುತ್ತಿದ್ದೆ, ಖಾಲಿ ಡಬ್ಬಿ ಒಯ್ಯುತ್ತಿದ್ದೆ. ಮಾತು ಅಷ್ಟಕ್ಕಷ್ಟೆ. ಆದರೆ ಕಣ್ಣಿಗೆ ಬೀಳುವುದು ಬೀಳದಿರುತ್ತದೆಯೇ? ಅಂಗಡಿಯಲ್ಲಿ ಫ್ಯಾನುಗಳು ಗುಡ್ಡೆ ಬಿದ್ದಿದ್ದವು. ಅಬ್ಬ ಓಡಿಸಿ ಕೇಳುತ್ತಿದ್ದರು, ಕೇಳುತ್ತಲೇ ಕೂತಿರುತ್ತಿದ್ದರು, ಬಿಚ್ಚುತ್ತಿರಲಿಲ್ಲ. ಮಸೀದಿಯಿಂದಲೂ ಸುದ್ದಿ ಬರತೊಡಗಿತು. ಗಾಳಿ ಮಾಮ ನಮಾಜಿನ ಮಧ್ಯೆ ಹಿಂದಕ್ಕೆ ತಿರುಗಿ ನೋಡುತ್ತಾರೆ. ಯಾರೋ ಬಾಗಿಲು ಹಾಕಿದರೂ ತಿರುಗುತ್ತಾರೆ, ಹೊರಗೆ ಯಾರೋ ಚಪ್ಪಲಿ ಎಸೆದರೂ ತಿರುಗುತ್ತಾರೆ. ಒಮ್ಮೆಯಂತೂ ಸಾಲು ಒಡೆದು ಹಿಂದಕ್ಕೆ ಓಡಿದರಂತೆ. ಅವರಿವರು ತಲೆ ಮುಟ್ಟಿ ತೋರಿಸಿಕೊಳ್ಳುವುದನ್ನು ಕಂಡು ಅಬ್ಬ ಮಸೀದಿಗೆ ಹೋಗುವುದನ್ನೇ ಬಿಟ್ಟರು.

ಒಂದು ಇಳಿಹೊತ್ತು ಡಬ್ಬಿ ಇಡಲು ಹೋದಾಗ ನಾನೇ ಕಂಡೆ. ನಡುಕೋಣೆಯಲ್ಲಿ ಅಬ್ಬ ಕೈ ಕಟ್ಟಿ ನಿಂತಿದ್ದರು. ತುಟಿ ಆಡುತ್ತಿತ್ತು. ಹಿಂದೆ ಅಮ್ಮನ ಮುಸಲ್ಲಾ ಹಾಗೇ ಹಾಸಿತ್ತು. ಸ್ವಲ್ಪ ಹೊತ್ತಿಗೆ ತಿರುಗಿ ಆ ಖಾಲಿ ಮುಸಲ್ಲಾ ನೋಡಿದರು. ನಮಾಜು ಮುರಿಯಿತು. ಮತ್ತೆ ಮೊದಲಿನಿಂದ ಕೈ ಎತ್ತಿ ಶುರು ಮಾಡಿದರು. ಬಾಗುವ ಮೊದಲೇ ಮತ್ತೆ ತಿರುಗಿದರು. ನಾನು ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಮುಂದಿನ ಬಾಂಗು ಕೂಗುವವರೆಗೂ ಅವರು ಮೊದಲ ರಕಅತ್ ದಾಟಲಿಲ್ಲ.

ನನ್ನನ್ನು ಕಂಡಾಗ ನೆಲಕ್ಕೆ ಕುಸಿದು ಕೂತರು. “ಮುಗಿಸೋಕೆ ಆಗ್ತಿಲ್ಲ ಮಗಳೇ. ನಮಾಜು ಮುಗಿಸಿದ್ರೆ ತಾನೇ ಅವಳಿಗೆ ಅಂತ ಕೈ ಎತ್ತಿ ದುಆ ಕೇಳೋದು? ಅವಳು ಹೋದಾಗಿಂದ ಅವಳ ಹೆಸರಲ್ಲಿ ಒಂದು ದುಆ ಕೇಳಿಲ್ಲ ನಾನು. ಸೊಸೈಟಿ ಕ್ಯೂನಲ್ಲಿ ನಿಂತು ಬರಿಗೈಲಿ ಮನೆಗೆ ವಾಪಸ್ ಬಂದ ಹಾಗೆ ಆಗ್ತಿದೆ.”

ದುಆ ಎಂದರೆ ಅಲ್ಲಾಹನಲ್ಲಿ ಬೇಡಿಕೊಳ್ಳುವುದು, ಎಲ್ಲಿ ಬೇಕಾದರೂ ಕೇಳಬಹುದು, ಅದಕ್ಕೆ ನಮಾಜೇ ಮುಗಿಯಬೇಕೆಂದಿಲ್ಲ. ಅಬ್ಬನಿಗೂ ಅದು ಗೊತ್ತು. ಆದರೆ ಆ ದಿನದ ನಮಾಜನ್ನು ಪೂರ್ತಿ ಮುಗಿಸಿದ ತಪ್ಪಿಗೆ ಇನ್ನೊಂದನ್ನು ಮುಗಿಸಿ ಕ್ಷಮೆ ಕೇಳಬೇಕೆಂದು ಅವರ ಮನಸ್ಸು ಹಟ ಹಿಡಿದಿತ್ತು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಗಿತ್ತು ಅವರ ಪಾಡು.

ಮಸೀದಿಯ ಇಮಾಮರು ಮನೆಗೇ ಬಂದರು. ಬೆಂಚಿನ ಮೇಲಿನ ಮೋಟರು ಸರಿಸಿ ಕೂತು ಮೃದುವಾಗಿಯೇ ಹೇಳಿದರು. “ಜೀವಕ್ಕೆ ಅಪಾಯ ಅಂತ ಗೊತ್ತಾದ್ರೆ ನಮಾಜು ಮುರೀಬಹುದು. ಮುರೀಲೇಬೇಕು. ಆದ್ರೆ ನಿಮಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಆಗಿದ್ದು ತಪ್ಪಲ್ಲ.”

“ಗೊತ್ತಾಗ್ಬಾರ್ದು ಅಂತ ತಾನೇ ನಾನು ಅಷ್ಟು ಕಷ್ಟಪಟ್ಟಿದ್ದು?” ಎಂದರು ಅಬ್ಬ.

ಇಮಾಮರು ಸರಿಸಿದ್ದ ಮೋಟರನ್ನು ಮತ್ತೆ ಅದರ ಜಾಗಕ್ಕಿಟ್ಟು ಎದ್ದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ಹಿಂದೆ ಯಾರೂ ಇಲ್ದೆ ಇದ್ರೆ ತಿರುಗಿ ನೋಡ್ತಾನೇ ಇರ್ತಾರೆ. ನೀವು ಒಂದ್ಸಲ ನಿಂತು ನೋಡಿ ತಾಯಿ” ಎಂದರು.

ನನಗೆ ಮನಸ್ಸಿರಲಿಲ್ಲ. ಅಬ್ಬನಿಗಾಗಿ ಅಲ್ಲ, ಅಮ್ಮನಿಗೆ ಆ ದುಆ ಸಲ್ಲಲಿ ಎಂದು ಒಪ್ಪಿದೆ. ಮರುದಿನ ಕನ್ನಡಕದ ಅಂಗಡಿಯಿಂದ ಬೇಗ ಬಂದು, ಕೈಕಾಲು ಮುಖ ತೊಳೆದು, ಅಮ್ಮನ ಮುಸಲ್ಲಾದ ಮೇಲೆ ನಿಂತೆ. ಅವಳು ಪಾದ ಇಟ್ಟೂ ಇಟ್ಟೂ ಎರಡು ಕಡೆ ನೂಲು ಸವೆದಿತ್ತು. ನನ್ನ ಪಾದಗಳು ಅಲ್ಲೇ ಕೂತವು.

“ತಪ್ಪಿದ್ರೆ ತಟ್ಟು” ಎಂದರು ಅಬ್ಬ, ಮುಂದೆ ನೋಡಿಕೊಂಡೇ. “ಬಿಡ್ಬೇಡ. ಅವಳು ಬಿಡ್ತಿರ್ಲಿಲ್ಲ.”

“ಬಿಡಲ್ಲ” ಎಂದೆ.

ಅವರ ಭುಜ ನಡುಗುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. ಆದರೂ ತಿರುಗಲಿಲ್ಲ. ಮೊದಲನೆಯದು ಮುಗಿಯಿತು. ಎರಡು ಮುಗಿಯಿತು. ಮೂರನೆಯದಕ್ಕೆ ಎದ್ದಾಗ ಉಸಿರು ಜೋರಾಯಿತು, ಓದುವ ಪಿಸುಮಾತು ಅಲ್ಲಲ್ಲಿ ತುಂಡಾಯಿತು. ಅದನ್ನೂ ದಾಟಿದರು. ಇನ್ನೊಂದೇ ಉಳಿದಿತ್ತು. ಎದ್ದು ನಿಲ್ಲಬೇಕಾದವರು ಕೂತುಬಿಟ್ಟರು. ಹಳೆಯ ಕಳ್ಳತನವೇ, ನಾಲ್ಕರಲ್ಲಿ ಒಂದು.

ನಾನು ಅಮ್ಮನ ಮಗಳು. ತಟ್ಟಿದೆ.

ಅಬ್ಬ ಏಳಲಿಲ್ಲ. ಇಡೀ ಮೈ ತಿರುಗಿಸಿ, ಮಂಡಿಯಲ್ಲೇ ತೆವಳಿ ಬಂದು ನನ್ನ ಎರಡೂ ಕೈ ಹಿಡಿದರು. ಟೋಪಿ ಎಲ್ಲೋ ಬಿತ್ತು. ಕಣ್ಣು ಹೊರಗೆ ಬರುವಂತಿತ್ತು.

“ಏನಾಯ್ತಮ್ಮಾ? ಎಲ್ಲಿ ನೋವು? ಎದೇನಾ? ಹೇಳಮ್ಮಾ, ಬಾಯಿ ಬಿಟ್ಟು ಹೇಳು!”

“ಏನೂ ಇಲ್ಲ ಅಬ್ಬಾ. ಮೂರಾಗಿತ್ತು ಅಷ್ಟೇ.”

“ಮೂರಾ?” ಎಂದರು. “ಬರೀ ಮೂರಾ? ನಿನಗೇನೂ ಆಗಿಲ್ವಾ?”

“ಏನೂ ಆಗಿಲ್ಲ.”

ಅಬ್ಬ ನನ್ನ ಕೈಗಳನ್ನು ತಮ್ಮ ಮುಖಕ್ಕೆ ಒತ್ತಿಕೊಂಡು ಅತ್ತರು. ಅಮ್ಮ ಹೋದ ದಿನ ಕೂಡ ಅತ್ತಿರಲಿಲ್ಲ. ಅವರ ಬೆರಳ ತುದಿಗಳು ತಂತಿ ಎಳೆದೂ ಎಳೆದೂ ಗಟ್ಟಿಯಾಗಿ, ಒರಟಾಗಿದ್ದವು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಒಂದು ತಟ್ಟಿಗೆ ಈ ಮನುಷ್ಯ ಇಷ್ಟು ದೂರ ತಿರುಗಿ ಬಂದಿದ್ದರು. ಇದರಲ್ಲಿ ಅರ್ಧ ತಿರುಗಿದ್ದರೆ ಸಾಕಿತ್ತು ಅಮ್ಮನಿಗೆ. ನಾನೂ ಅತ್ತೆ.

ಸುಮಾರು ಹೊತ್ತಾದ ಮೇಲೆ ಅವರ ಟೋಪಿ ಹುಡುಕಿ ತಲೆಗಿಟ್ಟೆ. “ಏಳಿ. ಮತ್ತೆ ಮೊದಲಿಂದ ಓದೋಣ” ಎಂದೆ.

ಮತ್ತೆ ನಿಂತೆವು. ಈ ಸಲ ಅವರ ಭುಜ ನಡುಗಲಿಲ್ಲ, ಓದು ತುಂಡಾಗಲಿಲ್ಲ. ಒಂದು, ಎರಡು, ಮೂರು. ಮತ್ತೆ ಮೂರಕ್ಕೇ ಕೂತರು.

ನನ್ನ ಬಲಗೈ ಎದ್ದಿತು. ಎಡಗೈಯ ಬೆನ್ನಿಗೆ ಬೆರಳು ತಾಗುವಷ್ಟು ಹತ್ತಿರ ಬಂದು ನಿಂತಿತು. ತಟ್ಟಿದರೆ ಅವರು ಮತ್ತೆ ತಿರುಗುತ್ತಾರೆ, ಮತ್ತೆ ಮೊದಲಿನಿಂದ ಆಗುತ್ತದೆ, ಬಾಂಗು ಕೂಗುವವರೆಗೂ ಇದೇ ಆಗುತ್ತದೆ. ತಟ್ಟದಿದ್ದರೆ ನಮಾಜು ಪೂರ್ತಿಯಾಗುವುದಿಲ್ಲ. ಕೂದಲೆಳೆ ತಪ್ಪಿದ ಗಾಜನ್ನು ಬುಟ್ಟಿಗೆ ಎಸೆಯುವ ಕೈ ಇದು. ಆ ಕೈಯನ್ನು ಸದ್ದಾಗದಂತೆ ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡೆ.

ಅಬ್ಬ ಬಲಕ್ಕೆ ಸಲಾಮ್ ಹೇಳಿದರು, ಎಡಕ್ಕೆ ಹೇಳಿದರು, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಸರಿಯಾಯ್ತಾ?”

“ಸರಿಯಾಯ್ತು ಅಬ್ಬಾ.”

ಅಬ್ಬ ದೊಡ್ಡ ಉಸಿರು ಬಿಟ್ಟು ಕೈ ಎತ್ತಿದರು. ಅಮ್ಮನ ಹೆಸರು ಹೇಳಿದರು. ಆಮೇಲೆ ಅಲ್ಲಾಹನನ್ನು ಗಟ್ಟಿಯಾಗಿಯೇ ಕೇಳಿದರು:

“ಅವಳು ಕರೆದಾಗ ನಾನು ತಿರುಗ್ಲಿಲ್ಲ. ನಾನು ಕರೆದಾಗ ನೀನು ಹಾಗೆ ಮಾಡ್ಬೇಡ.”

ನಾನು ಆಮೀನ್ ಎಂದೆ. ಅವರು ಎದ್ದು ಹೋಗಿ ಷಟರು ಎತ್ತಿದರು, ಯಾವುದೋ ಫ್ಯಾನಿಗೆ ಸ್ವಿಚ್ಚು ಹಾಕಿ ಕೇಳುತ್ತಾ ಕೂತರು. ಆಮೇಲೆ ಸ್ಕ್ರೂಡ್ರೈವರಿನ ಸದ್ದು ಬಂತು. ನಾನು ಅಮ್ಮನ ಮುಸಲ್ಲಾದ ಮೇಲೆ ಒಬ್ಬಳೇ ನಿಂತು ನನ್ನ ನಾಲ್ಕನ್ನೂ ಮತ್ತೆ ಓದಿಕೊಂಡೆ. ಅಬ್ಬನ ಪಾಲಿನ ಒಂದು ಬಾಕಿ ಇದೆ. ಅದನ್ನು ಕೇಳುವವನು ನನ್ನನ್ನೇ ಕೇಳಲಿ.